ನಂಬರು ನೋಡಿಸಿದ್ದೀರಿ, ಕಣ್ಣು ತೋರಿಸಿದ್ದೀರಾ?

ನನ್ನ ತಂದೆ ನಾಲ್ಕು ವರ್ಷಗಳಲ್ಲಿ ಮೂರು ಕನ್ನಡಕ ಬದಲಾಯಿಸಿದರು. ಮೂರು ಸಲವೂ ಪೇಟೆಯ ಅದೇ ಅಂಗಡಿ, ಅದೇ ಯಂತ್ರ. ಗದ್ದ ಊರಿ ಕುಳಿತು, ರಸ್ತೆಯ ತುದಿಯಲ್ಲಿ ತೇಲುವ ಬಣ್ಣದ ಬಲೂನನ್ನು ನೋಡಿದರೆ ಎರಡು ನಿಮಿಷದಲ್ಲಿ ಚೀಟಿ ಹೊರಬರುತ್ತಿತ್ತು. ಗೋಡೆಯ ಫಲಕದ ಕೊನೆಯ ಸಾಲನ್ನೂ ಅವರು ತಡವರಿಸದೆ ಓದುತ್ತಿದ್ದರು. ಮನೆಯಲ್ಲಿ ಮಾತ್ರ ಊಟಕ್ಕೆ ಕುಳಿತಾಗ ಪಕ್ಕದಲ್ಲಿಟ್ಟ ನೀರಿನ ಲೋಟಕ್ಕೆ ಕೈ ತಾಗಿ ಉರುಳುತ್ತಿತ್ತು, ಬಾಗಿಲ ಚೌಕಟ್ಟಿಗೆ ಭುಜ ತಾಕುತ್ತಿತ್ತು. ವಯಸ್ಸಾಯಿತಲ್ಲ ಎಂದುಕೊಂಡೆವು. ಸಕ್ಕರೆ ಕಾಯಿಲೆಗಾಗಿ ಹೋದಾಗ ವೈದ್ಯರೊಬ್ಬರು ಒತ್ತಾಯ ಮಾಡಿ ನೇತ್ರತಜ್ಞರ ಬಳಿ ಕಳುಹಿಸಿದರು. ಪಾಪೆ ಹಿಗ್ಗಿಸಿ ನೋಡಿದಾಗ ಕಣ್ಣಿನ ನರವನ್ನು ಹಾಳುಮಾಡುವ ಗ್ಲಾಕೋಮಾ ಎಂದು ತಿಳಿಯಿತು. ಪಕ್ಕದ ನೋಟವನ್ನು ಅದು ಎರಡೂ ಕಣ್ಣಿನಲ್ಲಿ ತಿಂದುಹಾಕಿತ್ತು. ಹೋದ ನೋಟ ಮರಳಿ ಬರುವುದಿಲ್ಲ. ಉಳಿದದ್ದನ್ನು ಉಳಿಸಿಕೊಳ್ಳಲು ಅವರು ದಿನವೂ ಮಲಗುವ ಮುಂಚೆ ಡ್ರಾಪ್ಸ್ ಹಾಕಿಕೊಳ್ಳುತ್ತಾರೆ.

ಅಂಗಡಿಯವರು ತಪ್ಪು ಮಾಡಲಿಲ್ಲ. ಅವರು ಕೊಟ್ಟ ನಂಬರು ಸರಿಯಾಗಿಯೇ ಇತ್ತು. ನಾವು ನಂಬರು ನೋಡಿಸುವುದನ್ನೇ ಕಣ್ಣು ತೋರಿಸುವುದು ಎಂದು ತಿಳಿದಿದ್ದೆವು. ಗೋಡೆಯ ಫಲಕ ಅಳೆಯುವುದು ನೋಟದ ನಟ್ಟನಡುವಿನ ಚುರುಕನ್ನು ಮಾತ್ರ. ಕಣ್ಣಿನ ಒಳಗೆ ನರ ಹೇಗಿದೆ, ಕಣ್ಣಿನ ಹಿಂಬದಿಯ ಪರದೆಯಾದ ರೆಟಿನಾದ ರಕ್ತನಾಳಗಳು ಸೋರುತ್ತಿವೆಯೇ, ಒತ್ತಡ ಎಷ್ಟಿದೆ ಎನ್ನುವುದು ಅದಕ್ಕೆ ಕಾಣುವುದಿಲ್ಲ. ಯಾವ ತೊಂದರೆಗೆ ಎಲ್ಲಿಗೆ ಹೋಗಬೇಕು, ಅಲ್ಲಿ ಯಾವ ಪರೀಕ್ಷೆಯನ್ನು ಕೇಳಿ ಮಾಡಿಸಿಕೊಳ್ಳಬೇಕು ಎಂಬುದನ್ನು ಆಗ ಯಾರಾದರೂ ಹೇಳಿದ್ದರೆ ಎಂದು ಈಗಲೂ ಅನಿಸುತ್ತದೆ.

ಯಾವ ಬಾಗಿಲು ತಟ್ಟಬೇಕು

ಮೊದಲು ನೋಡುವವರು ಯಾರು ಎಂದು ತಿಳಿದುಕೊಳ್ಳಬೇಕು. ನೇತ್ರತಜ್ಞರು ಎಂಬಿಬಿಎಸ್ ಮುಗಿಸಿ ಕಣ್ಣಿನ ವಿಷಯದಲ್ಲೇ ಹೆಚ್ಚಿನ ವ್ಯಾಸಂಗ ಮಾಡಿದ ವೈದ್ಯರು. ಔಷಧಿ ಬರೆಯುವುದು, ಶಸ್ತ್ರಚಿಕಿತ್ಸೆ ಮಾಡುವುದು ಅವರ ಕೆಲಸ. ಆಪ್ಟೊಮೆಟ್ರಿಸ್ಟ್ ನಾಲ್ಕು ವರ್ಷದ ಪದವಿ ಓದಿ ದೃಷ್ಟಿ ಅಳೆಯುವುದರಲ್ಲಿ, ಕನ್ನಡಕ ಮತ್ತು ಕಾಂಟ್ಯಾಕ್ಟ್ ಲೆನ್ಸ್ ನಿರ್ಧರಿಸುವುದರಲ್ಲಿ, ರೋಗದ ಸುಳಿವು ಹಿಡಿಯುವುದರಲ್ಲಿ ಪಳಗಿದವರು. ಸರ್ಕಾರಿ ಆಸ್ಪತ್ರೆಗಳಲ್ಲಿ ಈ ಕೆಲಸದ ಬಹುಪಾಲನ್ನು ನೇತ್ರಾಧಿಕಾರಿಗಳು ಮಾಡುತ್ತಾರೆ. ಕನ್ನಡಕದ ಅಂಗಡಿಯಲ್ಲಿ ಯಂತ್ರದ ಮುಂದೆ ಕೂರಿಸುವವರು ಓದಿದ ಆಪ್ಟೊಮೆಟ್ರಿಸ್ಟ್ ಆಗಿರಬಹುದು, ಅಂಗಡಿಯಲ್ಲೇ ಕೆಲಸ ಕಲಿತವರೂ ಆಗಿರಬಹುದು. ಕೇಳಿ ತಿಳಿದುಕೊಳ್ಳುವುದರಲ್ಲಿ ಸಂಕೋಚ ಬೇಡ.

ವಯಸ್ಸು ಹದಿನೆಂಟರಿಂದ ನಲವತ್ತರ ಒಳಗೆ, ಸಕ್ಕರೆ ಕಾಯಿಲೆ ಇಲ್ಲ, ಮನೆತನದಲ್ಲಿ ಗ್ಲಾಕೋಮಾ ಇಲ್ಲ, ಕಣ್ಣು ಕೆಂಪಾಗಿಲ್ಲ, ನೋಯುತ್ತಿಲ್ಲ, ಹಳೆಯ ಕನ್ನಡಕದಲ್ಲಿ ಬಸ್ಸಿನ ಬೋರ್ಡು ಸ್ವಲ್ಪ ಮಬ್ಬಾಗಿದೆ ಅಷ್ಟೇ ಎಂದಾದರೆ ಒಳ್ಳೆಯ ಆಪ್ಟೊಮೆಟ್ರಿಸ್ಟ್ ಇರುವ ಅಂಗಡಿ ಸಾಕು. ಸಮಯ ಉಳಿಯುತ್ತದೆ, ಹಣವೂ ಉಳಿಯುತ್ತದೆ. ಈ ಗೆರೆಯ ಆಚೆಗಿರುವವರೆಲ್ಲ, ಅಂದರೆ ಮಕ್ಕಳು, ನಲವತ್ತು ದಾಟಿದವರು, ಸಕ್ಕರೆ ಕಾಯಿಲೆಯವರು, ತಲೆನೋವಿನವರು, ದೊಡ್ಡ ಮೈನಸ್ ನಂಬರಿನವರು, ವೈದ್ಯರಿರುವ ಕಡೆಗೇ ಹೋಗಬೇಕು.

ನೇತ್ರ ಶಿಬಿರಗಳ ಬಗ್ಗೆ ನನಗೆ ಅಪಾರ ಗೌರವವಿದೆ. ಡಾ. ಎಂ.ಸಿ. ಮೋದಿ ಅವರು ಊರೂರು ಸುತ್ತಿ ಶಿಬಿರಗಳಲ್ಲಿ ಪೊರೆ ತೆಗೆದ ದಿನಗಳನ್ನು ನಮ್ಮ ಹಿರಿಯರು ಇಂದಿಗೂ ನೆನೆಯುತ್ತಾರೆ. ರಾಜ್ಯ ಸರ್ಕಾರದ ಆಶಾಕಿರಣ ಯೋಜನೆಯಲ್ಲಿ ಕೆಲವು ಜಿಲ್ಲೆಗಳಲ್ಲಿ ಮನೆಬಾಗಿಲಿಗೇ ಬಂದು ಕಣ್ಣು ನೋಡಿದ್ದಾರೆ, ಬೇಕಾದವರಿಗೆ ಕನ್ನಡಕವನ್ನೂ ಕೊಟ್ಟಿದ್ದಾರೆ. ಆದರೆ ಶಿಬಿರವೂ ಮನೆಭೇಟಿಯೂ ಜರಡಿ ಹಿಡಿಯುವ ಕೆಲಸ. ಪೊರೆ, ನಂಬರು, ಮೆಳ್ಳಗಣ್ಣು ಜರಡಿಯಲ್ಲಿ ಸಿಕ್ಕಿಬೀಳುತ್ತವೆ, ಆರಂಭದ ಗ್ಲಾಕೋಮಾ ಸುಲಭವಾಗಿ ಜಾರಿಹೋಗುತ್ತದೆ. ‘ಶಿಬಿರದಲ್ಲಿ ಏನೂ ಇಲ್ಲ ಅಂದರು’ ಎಂಬ ಮಾತನ್ನು ಐದು ವರ್ಷ ಹಿಡಿದುಕೊಂಡು ಕೂರಬಾರದು.

ಜಿಲ್ಲಾಸ್ಪತ್ರೆ, ವೈದ್ಯಕೀಯ ಕಾಲೇಜು ಆಸ್ಪತ್ರೆ ಮತ್ತು ಖಾಸಗಿ ಕಣ್ಣಾಸ್ಪತ್ರೆಗಳ ನಡುವೆ ಆರಿಸುವಾಗ ಜನ ಅನುಮಾನಿಸುವುದು ಸರ್ಕಾರಿ ಆಸ್ಪತ್ರೆಯನ್ನೇ. ಬೆಂಗಳೂರಿನ ಮಿಂಟೋ ಕಣ್ಣಾಸ್ಪತ್ರೆ 1896ರಲ್ಲಿ ಆರಂಭವಾದದ್ದು. ಅಪರೂಪದ ಕಾಯಿಲೆಗಳನ್ನು ದಿನನಿತ್ಯ ನೋಡುವ ಇಂಥ ಕಡೆಗಳಲ್ಲಿ ಅನುಭವಕ್ಕೆ ಕೊರತೆಯಿಲ್ಲ. ಕೊರತೆ ಇರುವುದು ನಿಮ್ಮ ಸಮಯಕ್ಕೆ. ಬೆಳಿಗ್ಗೆ ಬೇಗ ಹೋಗಿ ಚೀಟಿ ಮಾಡಿಸಬೇಕು, ಸರತಿಯಲ್ಲಿ ಕೂರಬೇಕು, ಮತ್ತೊಂದು ದಿನ ಬರಬೇಕಾಗಲೂಬಹುದು. ಖಾಸಗಿಯಲ್ಲಿ ಎಲ್ಲ ಯಂತ್ರಗಳೂ ಒಂದೇ ಸೂರಿನಡಿ ಸಿಗುತ್ತವೆ, ಒಂದೇ ದಿನದಲ್ಲಿ ಮುಗಿಯುತ್ತದೆ, ಪ್ರತಿ ಪರೀಕ್ಷೆಗೂ ಬಿಲ್ ಬೀಳುತ್ತದೆ. ಜೀವನಪರ್ಯಂತ ತಪಾಸಣೆ ಬೇಕಾಗುವ ಗ್ಲಾಕೋಮಾದಂಥ ಕಾಯಿಲೆಗೆ ನೀವು ತಪ್ಪದೆ ಹೋಗಲು ಸಾಧ್ಯವಾಗುವ ಆಸ್ಪತ್ರೆಯೇ ಒಳ್ಳೆಯ ಆಸ್ಪತ್ರೆ.

ಕಂಪ್ಯೂಟರ್ ಟೆಸ್ಟ್ ಒಂದೇ ಸಾಕೇ?

ಅಂಗಡಿಯ ಬೋರ್ಡುಗಳಲ್ಲಿ ‘ಕಂಪ್ಯೂಟರ್ ಕಣ್ಣಿನ ಪರೀಕ್ಷೆ’ ಎಂದು ದಪ್ಪ ಅಕ್ಷರದಲ್ಲಿ ಬರೆದಿರುತ್ತಾರೆ. ಬಲೂನು ತೋರಿಸುವ ಆ ಆಟೊರಿಫ್ರಾಕ್ಟರ್ ಕಣ್ಣಿನೊಳಗೆ ಬೆಳಕು ಬಿಟ್ಟು, ಅದು ಹಿಂತಿರುಗುವ ರೀತಿಯಿಂದ ನಂಬರನ್ನು ಅಂದಾಜು ಮಾಡುತ್ತದೆ. ಆ ಚೀಟಿಯನ್ನು ಆರಂಭದ ಬಿಂದುವೆಂದು ತಿಳಿಯಬೇಕು. ಅದರ ನಂತರ ಪರೀಕ್ಷೆಯ ಚೌಕಟ್ಟನ್ನು ಮೂಗಿನ ಮೇಲಿಟ್ಟು, ಒಂದೊಂದೇ ಗಾಜು ಬದಲಿಸುತ್ತ ‘ಇದು ಚೆನ್ನಾಗಿದೆಯೇ, ಅದು ಚೆನ್ನಾಗಿತ್ತೇ’ ಎಂದು ಕೇಳಬೇಕು, ಪ್ರತಿ ಕಣ್ಣನ್ನೂ ಬೇರೆಬೇರೆಯಾಗಿ ನೋಡಬೇಕು, ಕೊನೆಗೆ ಅದೇ ಚೌಕಟ್ಟಿನಲ್ಲಿ ನಾಲ್ಕು ಹೆಜ್ಜೆ ನಡೆಸಬೇಕು. ಅನುಭವಿಗಳು ಇದರ ಜತೆಗೆ ರೆಟಿನೊಸ್ಕೋಪಿನ ಬೆಳಕಿನ ಪಟ್ಟಿಯನ್ನು ಪಾಪೆಯ ಮೇಲೆ ಆಡಿಸಿ, ನಮ್ಮ ಉತ್ತರದ ಹಂಗಿಲ್ಲದೆಯೇ ನಂಬರನ್ನು ಪತ್ತೆಹಚ್ಚುತ್ತಾರೆ. ಮಾತು ಬಾರದ ಮಗುವಿಗೂ, ಉತ್ತರ ಹೇಳಲಾಗದ ವೃದ್ಧರಿಗೂ ಇದು ವರದಾನ. ಚೀಟಿ ನೋಡಿ ನೇರವಾಗಿ ಗಾಜು ಕತ್ತರಿಸಲು ಹೊರಡುವ ಅಂಗಡಿಯಿಂದ ಎದ್ದು ಬನ್ನಿ.

ಫಲಕದ ಲೆಕ್ಕ ಸುಲಭ. ಡಚ್ ವೈದ್ಯ ಹರ್ಮನ್ ಸ್ನೆಲೆನ್ 1862ರಲ್ಲಿ ರೂಪಿಸಿದ ಫಲಕವೇ ಇಂದಿಗೂ ನಡೆಯುತ್ತಿದೆ, ಕನ್ನಡ ಅಕ್ಷರಗಳಲ್ಲೂ ಸಿಗುತ್ತದೆ. ಚೀಟಿಯಲ್ಲಿ 6/6, 6/60 ಎಂದು ಬರೆಯುವುದರಲ್ಲಿ ಮೇಲಿನ ಅಂಕಿ ನೀವು ಕುಳಿತ ದೂರ, ಆರು ಮೀಟರ್. ಕೆಳಗಿನದು ಸರಿಯಾದ ಕಣ್ಣು ಅದೇ ಅಕ್ಷರವನ್ನು ಎಷ್ಟು ದೂರದಿಂದ ಓದಬಲ್ಲದು ಎಂಬುದು. 6/60 ಎಂದರೆ ಬೇರೆಯವರು ಅರವತ್ತು ಮೀಟರ್ ದೂರದಿಂದ ಓದುವುದನ್ನು ನೀವು ಆರು ಮೀಟರಿಗೆ ಬಂದು ಓದುತ್ತಿದ್ದೀರಿ.

ಮಬ್ಬಿಗೆ ನಂಬರು ಕಾರಣವೋ ರೋಗ ಕಾರಣವೋ ಎಂದು ತಿಳಿಯಲು ವೈದ್ಯರು ಬಳಸುವ ಒಂದು ಸರಳ ಉಪಾಯವಿದೆ. ಗಟ್ಟಿ ಕಾಗದದಲ್ಲಿ ಒಂದು ಮಿಲಿಮೀಟರಿನಷ್ಟು ತೂತು ಮಾಡಿ, ಒಂದು ಕಣ್ಣು ಮುಚ್ಚಿ ಇನ್ನೊಂದರಿಂದ ಆ ತೂತಿನ ಮೂಲಕ ಕ್ಯಾಲೆಂಡರ್ ನೋಡಿ. ಅಕ್ಷರ ಸ್ಪಷ್ಟವಾದರೆ ಬಹುಮಟ್ಟಿಗೆ ಕನ್ನಡಕದಿಂದ ಸರಿಹೋಗುವ ತೊಂದರೆ. ಹಾಗೆಯೇ ಮಬ್ಬಾಗಿ ಉಳಿದರೆ, ಅಥವಾ ಇನ್ನೂ ಕೆಟ್ಟರೆ, ಅಂಗಡಿಯ ದಾರಿ ಬಿಟ್ಟು ಆಸ್ಪತ್ರೆಗೆ ಹೋಗಿ. ಒಂದೊಂದೇ ಕಣ್ಣು ಮುಚ್ಚಿ ನೋಡುವ ಅಭ್ಯಾಸವನ್ನಂತೂ ತಿಂಗಳಿಗೊಮ್ಮೆಯಾದರೂ ಇಟ್ಟುಕೊಳ್ಳಬೇಕು. ಒಂದು ಕಣ್ಣು ಮಂದವಾದರೆ ಇನ್ನೊಂದು ಅದನ್ನು ಮರೆಮಾಚಿ ನಡೆಸಿಕೊಂಡು ಹೋಗುತ್ತದೆ.

ಮಕ್ಕಳ ಕಣ್ಣು

ಈ ಬರಹದಲ್ಲಿ ಒಂದೇ ಭಾಗ ಓದುವಷ್ಟು ಬಿಡುವಿದ್ದರೆ ಇದನ್ನು ಓದಿ. ಮಗುವಿಗೆ ತನಗೆ ಮಬ್ಬಾಗಿ ಕಾಣುತ್ತಿದೆ ಎಂದು ಗೊತ್ತಾಗುವುದಿಲ್ಲ. ಲೋಕ ಇರುವುದೇ ಹಾಗೆ ಎಂದು ಅದು ತಿಳಿದಿರುತ್ತದೆ. ಕರಿಹಲಗೆ ಬಿಟ್ಟು ಪಕ್ಕದವನ ಪುಸ್ತಕ ನೋಡಿ ಬರೆಯುವುದು, ಟಿ.ವಿ.ಯ ಹತ್ತಿರ ಹೋಗಿ ನಿಲ್ಲುವುದು, ತಲೆ ಓರೆ ಮಾಡಿ ನೋಡುವುದು, ಬಿಸಿಲಿನಲ್ಲಿ ಒಂದೇ ಕಣ್ಣು ಮುಚ್ಚುವುದು, ಇವು ಅದು ಹೇಳುತ್ತಿರುವ ದೂರುಗಳು. ಒಂದು ಕಣ್ಣಿನಲ್ಲಿ ಮಾತ್ರ ದೊಡ್ಡ ನಂಬರಿದ್ದರೆ ಮೆದುಳು ಆ ಕಣ್ಣಿನ ಚಿತ್ರವನ್ನೇ ಬದಿಗಿಟ್ಟುಬಿಡುತ್ತದೆ. ಅದೇ ಸೋಮಾರಿ ಕಣ್ಣು. ಏಳೆಂಟು ವರ್ಷದೊಳಗೆ ಹಿಡಿದರೆ ಕನ್ನಡಕ ಹಾಕಿಸಿ, ಒಳ್ಳೆಯ ಕಣ್ಣಿಗೆ ಪಟ್ಟಿ ಅಂಟಿಸಿ ದುರ್ಬಲ ಕಣ್ಣನ್ನು ದುಡಿಸಬಹುದು. ತಡವಾದಷ್ಟೂ ಫಲ ಕಡಿಮೆ.

ಆದ್ದರಿಂದ ಶಾಲೆಗೆ ಸೇರಿಸುವ ಮುಂಚೆ, ಮೂರು ನಾಲ್ಕು ವರ್ಷದಲ್ಲಿ, ಒಮ್ಮೆ ನೇತ್ರತಜ್ಞರಿಗೆ ತೋರಿಸಿ. ಮಕ್ಕಳ ವಿಷಯದಲ್ಲಿ ಅಂಗಡಿಯ ಯಂತ್ರ ಅತಿ ಹೆಚ್ಚು ತಪ್ಪುತ್ತದೆ. ಮಗುವಿನ ಕಣ್ಣಿನ ಮಸೂರ ಮೆತ್ತಗಿದ್ದು, ಯಂತ್ರದೊಳಗೆ ನೋಡುವಾಗ ತಾನಾಗಿಯೇ ಹತ್ತಿರಕ್ಕೆ ಹೊಂದಿಕೊಳ್ಳುತ್ತದೆ. ಇಲ್ಲದ ಮೈನಸ್ ನಂಬರನ್ನು ಯಂತ್ರ ಮುದ್ರಿಸಿಕೊಡುತ್ತದೆ. ಆಸ್ಪತ್ರೆಯಲ್ಲಿ ಡ್ರಾಪ್ಸ್ ಅಥವಾ ಮುಲಾಮು ಹಾಕಿ ಆ ಹೊಂದಾಣಿಕೆಯನ್ನು ತಾತ್ಕಾಲಿಕವಾಗಿ ನಿಲ್ಲಿಸಿ ಅಳೆಯುತ್ತಾರೆ. ಔಷಧಿಯ ಪ್ರಭಾವ ಇಳಿದ ಮೇಲೆ ಇನ್ನೊಮ್ಮೆ ಕರೆದು ನೋಡಿ ನಂಬರು ಬರೆಯುತ್ತಾರೆ. ಎರಡು ಸಲ ಅಲೆಸುತ್ತಾರೆ ಎಂದು ಬೇಸರಿಸಬೇಡಿ, ಸರಿಯಾದ ಕ್ರಮವೇ ಅದು.

ದಿನ ತುಂಬುವ ಮುಂಚೆ ಹುಟ್ಟಿದ ಶಿಶುಗಳ ಮಾತು ಇನ್ನೂ ತುರ್ತಿನದು. 34 ವಾರಕ್ಕಿಂತ ಮೊದಲು ಹುಟ್ಟಿದ, ಅಥವಾ ಎರಡು ಕಿಲೋಗಿಂತ ಕಡಿಮೆ ತೂಕದ ಮಗುವಿನ ರೆಟಿನಾವನ್ನು ಹುಟ್ಟಿದ ಮೂವತ್ತು ದಿನದೊಳಗೆ ನೋಡಿಸಲೇಬೇಕು. ನಾರಾಯಣ ನೇತ್ರಾಲಯದವರು 2008ರಲ್ಲಿ ಆರಂಭಿಸಿದ ಕಿಡ್‌ರಾಪ್ ಕಾರ್ಯಕ್ರಮದಲ್ಲಿ ತಂತ್ರಜ್ಞರು ಕ್ಯಾಮೆರಾ ಹೊತ್ತು ಜಿಲ್ಲೆಗಳ ನವಜಾತ ಶಿಶು ಘಟಕಗಳಿಗೇ ಹೋಗಿ ಚಿತ್ರ ತೆಗೆಯುತ್ತಾರೆ, ತಜ್ಞರು ದೂರದಿಂದಲೇ ಅದನ್ನು ನೋಡಿ ಹೇಳುತ್ತಾರೆ. ಆಸ್ಪತ್ರೆಯಿಂದ ಮಗುವನ್ನು ಮನೆಗೆ ಕರೆತರುವಾಗ ‘ಕಣ್ಣು ನೋಡಿದ್ದೀರಾ?’ ಎಂಬ ಒಂದು ಪ್ರಶ್ನೆ ಕೇಳಿ.

ಮೈನಸ್ ನಂಬರು ವರ್ಷವರ್ಷ ಏರುತ್ತಿರುವ ಮಗುವಿಗೆ ಕನ್ನಡಕ ಹಾಕಿದರೆ ನಂಬರು ಹೆಚ್ಚುತ್ತದೆ ಎಂಬ ಭಯ ನಮ್ಮಲ್ಲಿ ಬಲವಾಗಿದೆ. ಅದು ಸುಳ್ಳು. ಕಣ್ಣುಗುಡ್ಡೆ ಉದ್ದವಾಗುತ್ತ ಹೋಗುವುದರಿಂದ ನಂಬರು ಏರುತ್ತದೆ. ದಿನಕ್ಕೆರಡು ಗಂಟೆ ಬಯಲಿನ ಬೆಳಕಿನಲ್ಲಿ ಆಡಿಸುವುದು ಅದಕ್ಕೆ ನೆರವಾಗಬಹುದಾದ ಅತ್ಯಂತ ಅಗ್ಗದ ದಾರಿ. ಕೆಲವರಿಗೆ ವೈದ್ಯರು ಕಡಿಮೆ ಪ್ರಮಾಣದ ಅಟ್ರೊಪಿನ್ ಡ್ರಾಪ್ಸ್ ಕೊಡುತ್ತಾರೆ. ಗಾಜಿಗೆ ಬದಲು ಒಡೆಯದ ಪಾಲಿಕಾರ್ಬೊನೇಟ್ ಹಾಕಿಸಿ.

ಚಾಳೀಸು ಬಂದಾಗ

ಹೆಸರೇ ನಲವತ್ತರಿಂದ ಬಂದದ್ದು. ಮಸೂರ ಬಿರುಸಾಗಿ, ಸೂಜಿಗೆ ದಾರ ಪೋಣಿಸಲು ಕೈ ಚಾಚಬೇಕಾಗುತ್ತದೆ. ಸಾಮಾನ್ಯವಾಗಿ +1.00ರಿಂದ ಶುರುವಾಗಿ ಅರವತ್ತರ ಹೊತ್ತಿಗೆ +2.50ರ ಆಸುಪಾಸಿಗೆ ನಿಲ್ಲುತ್ತದೆ. ಚೀಟಿಯಲ್ಲಿ ‘ಆಡ್’ ಎಂದು ಬರೆಯುವುದು ಇದನ್ನೇ.

ರಸ್ತೆ ಬದಿಯಲ್ಲಿ ಸಿಗುವ ಸಿದ್ಧ ಕನ್ನಡಕಗಳಲ್ಲಿ ಎರಡೂ ಕಣ್ಣಿಗೆ ಒಂದೇ ನಂಬರು ಇರುತ್ತದೆ, ಕಣ್ಣಿನ ವಕ್ರತೆ ಎಲ್ಲ ದಿಕ್ಕಿಗೂ ಸಮನಲ್ಲದವರಿಗೆ ಬೇಕಾದ ಸಿಲಿಂಡರ್ ನಂಬರು ಇರುವುದಿಲ್ಲ. ಎರಡೂ ಕಣ್ಣು ಸಮನಾಗಿರುವವರಿಗೆ ಪತ್ರಿಕೆ ಓದಲು ಅದರಿಂದ ಹಾನಿಯಿಲ್ಲ. ಹಾನಿ ಆಗುವುದು ಆ ಕನ್ನಡಕ ಸಿಕ್ಕಿತೆಂದು ನಲವತ್ತರ ಹೊಸ್ತಿಲಿನ ತಪಾಸಣೆಯನ್ನು ಬಿಟ್ಟಾಗ. ಬೈಫೋಕಲ್ ಗಾಜಿನಲ್ಲಿ ಕೆಳಗಿನ ತುಂಡು ಕಣ್ಣಿಗೆ ಕಾಣುತ್ತದೆ. ಅಂಗಡಿಯವರು ಕೆ.ಟಿ. ಎಂದು ಕರೆಯುವ ದುಂಡನೆಯ ತುಂಡು ಅಗ್ಗ, ಡಿ ಆಕಾರದ್ದರಲ್ಲಿ ಓದುವ ಜಾಗ ವಿಶಾಲ. ದೂರಕ್ಕೂ ಓದಿಗೂ ಸರಿ, ಆದರೆ ಕಂಪ್ಯೂಟರ್ ಪರದೆಯ ದೂರ ಎರಡಕ್ಕೂ ಸೇರದೆ ಮಬ್ಬಾಗುತ್ತದೆ. ಪ್ರೊಗ್ರೆಸಿವ್ ಗಾಜು ಮೇಲಿನಿಂದ ಕೆಳಕ್ಕೆ ಹಂತಹಂತವಾಗಿ ಬದಲಾಗುತ್ತದೆ, ಎಲ್ಲ ದೂರಗಳೂ ಸಿಗುತ್ತವೆ, ಅಂಚುಗಳಲ್ಲಿ ಮಾತ್ರ ನೋಟ ತಿರುಚಿದಂತಾಗುತ್ತದೆ. ಒಂದೆರಡು ವಾರ ಕಷ್ಟಪಟ್ಟರೆ ಹೊಂದಿಕೊಳ್ಳುತ್ತದೆ. ಪಾಪೆಯ ನಡುಬಿಂದುವನ್ನು ಚೌಕಟ್ಟಿನ ಮೇಲೆ ಗುರುತು ಮಾಡದೆ ಪ್ರೊಗ್ರೆಸಿವ್ ಮಾಡಿಕೊಡುವ ಕಡೆ ಹಣ ಕೊಡಬೇಡಿ.

ಪಾಠ ಮಾಡುವವರಿಗೆ, ಕಚೇರಿಯಲ್ಲಿ ಕೂರುವವರಿಗೆ ನಾನು ಪ್ರೊಗ್ರೆಸಿವ್ ಹೇಳುತ್ತೇನೆ. ಎಪ್ಪತ್ತು ದಾಟಿ ನಡಿಗೆ ಅಲುಗುವವರಿಗೆ ಬೈಫೋಕಲ್, ಪ್ರೊಗ್ರೆಸಿವ್ ಎರಡೂ ಬೇಡ. ಕೆಳಗೆ ನೋಡಿದಾಗ ಮೆಟ್ಟಿಲು ಓದುವ ಗಾಜಿನಲ್ಲಿ ಮಬ್ಬಾಗಿ ಎಡವುತ್ತಾರೆ. ನಡೆಯಲು ಒಂದು, ಓದಲು ಒಂದು, ಹೀಗೆ ಎರಡು ಪ್ರತ್ಯೇಕ ಕನ್ನಡಕವೇ ಕ್ಷೇಮ. ಇನ್ನು ನೀಲಿ ಬೆಳಕು ತಡೆಯುವ ಗಾಜಿಗೆ ಹೆಚ್ಚಿನ ಹಣ ತೆರುವುದು ಬೇಡ. ಕಂಪ್ಯೂಟರ್ ಮುಂದಿನ ದಣಿವನ್ನು ಅದು ತಗ್ಗಿಸುತ್ತದೆಂದು ಹಲವು ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡಿದ 2023ರ ಕಾಕ್ರೇನ್ ವಿಮರ್ಶೆಯಲ್ಲಿ ಕಂಡುಬರಲಿಲ್ಲ.

ಪಾಪೆ ಹಿಗ್ಗಿಸಿ ನೋಡುವುದು, ಒತ್ತಡ ಅಳೆಯುವುದು

ನನ್ನ ತಂದೆಗೆ ಸಿಗದೆ ಹೋದದ್ದು ಇವೆರಡು. ಡ್ರಾಪ್ಸ್ ಹಾಕಿ ಅರ್ಧ ಗಂಟೆ ಕಾಯಬೇಕು, ನಾಲ್ಕಾರು ಗಂಟೆ ಬಿಸಿಲು ಚುಚ್ಚುತ್ತದೆ, ಹತ್ತಿರದ್ದು ಮಬ್ಬು. ಈ ಸಣ್ಣ ತೊಂದರೆಗೆ ಹೆದರಿ ಎಷ್ಟೋ ಮಂದಿ ‘ಇವತ್ತು ಬೇಡ’ ಎನ್ನುತ್ತಾರೆ. ಟೈಪ್ 2 ಸಕ್ಕರೆ ಕಾಯಿಲೆ ಇದೆ ಎಂದು ತಿಳಿದ ದಿನವೇ ರೆಟಿನಾ ತಪಾಸಣೆ ಬಾಕಿ ಇದೆ ಎಂದು ಲೆಕ್ಕ. ಆಮೇಲೆ ವರ್ಷಕ್ಕೊಮ್ಮೆ. 6/6 ಓದುವ ಕಣ್ಣಿನಲ್ಲೂ ರಕ್ತನಾಳಗಳು ಸೋರುತ್ತಿರಬಹುದು. ಇನ್ನೊಂದು ಮಾತು: ಸಕ್ಕರೆ ಏರಿಳಿಯುತ್ತಿರುವಾಗ ಕನ್ನಡಕ ಮಾಡಿಸಬೇಡಿ. ಮಸೂರ ಉಬ್ಬಿ ಇಳಿದು ನಂಬರು ವಾರದಲ್ಲಿ ಬದಲಾಗುತ್ತದೆ.

ಕಣ್ಣಿನೊಳಗಿನ ಒತ್ತಡ ಸಾಮಾನ್ಯವಾಗಿ 10ರಿಂದ 21 ಮಿಲಿಮೀಟರ್ ಪಾದರಸದೊಳಗೆ ಇರಬೇಕು ಎನ್ನುತ್ತಾರೆ. ಗಾಳಿ ಊದುವ ಯಂತ್ರ ಬೇಗ ಮುಗಿಯುತ್ತದೆ, ಮರಗಟ್ಟಿಸುವ ಔಷಧಿ ಬೇಡ. ಕಣ್ಣಿಗೆ ತಾಗಿಸಿ ಅಳೆಯುವ ಗೋಲ್ಡ್‌ಮನ್ ವಿಧಾನ ಹೆಚ್ಚು ನಂಬಿಕಸ್ಥ. ಗಾಳಿ ಯಂತ್ರದಲ್ಲಿ ಹೆಚ್ಚೆಂದು ಬಂದರೆ ಇದರಲ್ಲಿ ಖಚಿತಪಡಿಸಿಕೊಳ್ಳಬೇಕು. ಒತ್ತಡ ಸರಿಯಿದ್ದೂ ಗ್ಲಾಕೋಮಾ ಬರುವುದುಂಟು, ಆದ್ದರಿಂದ ನರದ ತುದಿಯನ್ನು ನೋಡುವುದು, ಸಂದೇಹವಿದ್ದರೆ ಪಕ್ಕನೋಟದ ಪರೀಕ್ಷೆ ಮಾಡುವುದು ತಪ್ಪದು. ತಂದೆಗೆ ಕಾಯಿಲೆ ಪತ್ತೆಯಾದ ಮೇಲೆ ನಾನೂ ನನ್ನ ತಂಗಿಯೂ ವರ್ಷಕ್ಕೊಮ್ಮೆ ತೋರಿಸಿಕೊಳ್ಳುತ್ತಿದ್ದೇವೆ. ಒಡಹುಟ್ಟಿದವರಿಗೆ, ಮಕ್ಕಳಿಗೆ ಅಪಾಯ ಹೆಚ್ಚು.

ಪೊರೆ ತೆಗೆಸುವಾಗ

‘ಪೊರೆ ಬಲಿಯಲಿ’ ಎಂದು ಕಾಯುವ ಕಾಲ ಹೋಯಿತು. ದಿನದ ಕೆಲಸಕ್ಕೆ ಅಡ್ಡಿಯಾದಾಗ ತೆಗೆಸಬಹುದು. ಬಲಿತು ಹಣ್ಣಾದರೆ ಶಸ್ತ್ರಚಿಕಿತ್ಸೆ ಕಷ್ಟ, ಒತ್ತಡ ಏರುವ ಅಪಾಯವೂ ಇದೆ. ಕರಗಿಸುವ ಡ್ರಾಪ್ಸ್ ಯಾವುದೂ ಇಲ್ಲ. ಎಷ್ಟೋ ಅಜ್ಜಿಯರು ‘ಚಾಳೀಸಿಲ್ಲದೆ ಓದುತ್ತೇನೆ’ ಎಂದು ಹಿಗ್ಗುತ್ತಾರೆ. ಮಸೂರದ ನಡುವೆ ಪೊರೆ ಕಟ್ಟುತ್ತ ಕಣ್ಣು ಮೈನಸ್ ಕಡೆಗೆ ಸರಿದದ್ದರ ಗುರುತು ಅದಾಗಿರಬಹುದು.

ಸಣ್ಣ ಗಾಯದ ಶಸ್ತ್ರಚಿಕಿತ್ಸೆಯಲ್ಲಿ ಆರೇಳು ಮಿಲಿಮೀಟರ್ ಸುರಂಗ ಮಾಡಿ ಪೊರೆಯನ್ನು ಇಡಿಯಾಗಿ ತೆಗೆಯುತ್ತಾರೆ, ಸಾಮಾನ್ಯವಾಗಿ ಹೊಲಿಗೆ ಬೇಕಾಗುವುದಿಲ್ಲ. ಫೇಕೋದಲ್ಲಿ ಮೂರು ಮಿಲಿಮೀಟರಿಗೂ ಕಡಿಮೆ ಗಾಯ, ಧ್ವನಿತರಂಗದಿಂದ ಪೊರೆ ಪುಡಿಯಾಗುತ್ತದೆ, ಅದರ ಜಾಗದಲ್ಲಿ ಮಡಿಸುವ ಕೃತಕ ಲೆನ್ಸ್ ಕೂರುತ್ತದೆ. ಫೇಕೋದಲ್ಲಿ ಸಿಲಿಂಡರ್ ನಂಬರು ಕಡಿಮೆ ಉಳಿಯುತ್ತದೆ, ಚೇತರಿಕೆ ಬೇಗ. ಕಂದುಬಣ್ಣಕ್ಕೆ ತಿರುಗಿದ ಗಟ್ಟಿ ಪೊರೆಗೆ ಮೊದಲನೆಯದೇ ಹಲವು ಸಲ ಸುರಕ್ಷಿತ. ಸರ್ಕಾರಿ ಆಸ್ಪತ್ರೆಯ ಉಚಿತ ಶಸ್ತ್ರಚಿಕಿತ್ಸೆಯನ್ನು ಎರಡನೇ ದರ್ಜೆಯದೆಂದು ತಳ್ಳಿಹಾಕಬೇಡಿ.

ಲೆನ್ಸಿನ ಆಯ್ಕೆಯಲ್ಲಿ ಅವಸರ ಬೇಡ. ಮೊನೊಫೋಕಲ್ ದೂರವನ್ನು ಚೊಕ್ಕವಾಗಿ ತೋರಿಸುತ್ತದೆ, ಓದಲು ಕನ್ನಡಕ ಬೇಕು. ಮಲ್ಟಿಫೋಕಲ್‌ನಲ್ಲಿ ಕನ್ನಡಕದ ಅಗತ್ಯ ತಗ್ಗುತ್ತದೆ, ಆದರೆ ರಾತ್ರಿ ದೀಪಗಳ ಸುತ್ತ ಬಳೆಗಳು ಕಾಣುತ್ತವೆ. ರಾತ್ರಿ ವಾಹನ ಓಡಿಸುವವರು, ಗ್ಲಾಕೋಮಾ ಅಥವಾ ರೆಟಿನಾ ಕಾಯಿಲೆ ಇರುವವರು ಅದರ ಆಸೆ ಬಿಡುವುದು ಒಳಿತು.

ಕನ್ನಡಕ ಬೇಡವೆನ್ನುವ ಯುವಕರಿಗೆ ಕಾಂಟ್ಯಾಕ್ಟ್ ಲೆನ್ಸ್ ಅಥವಾ ಲೇಸರ್ ಇದೆ. ಲೆನ್ಸ್ ಹಾಕಿ ಮಲಗಬಾರದು, ನಲ್ಲಿ ನೀರು ತಾಗಿಸಬಾರದು. ಈ ಶಿಸ್ತು ಸಾಧ್ಯವಿಲ್ಲದವರಿಗೆ ಕನ್ನಡಕವೇ ಮೇಲು. ಲೇಸರಿಗೆ ಹದಿನೆಂಟು ತುಂಬಿರಬೇಕು, ಒಂದು ವರ್ಷವಾದರೂ ನಂಬರು ನಿಂತಿರಬೇಕು, ಕಣ್ಣಿನ ಮುಂಭಾಗದ ಪಾರದರ್ಶಕ ಪದರವಾದ ಕಾರ್ನಿಯಾದ ದಪ್ಪ ಮತ್ತು ಆಕಾರ ಅಳೆದಿರಬೇಕು.

ಆಯ್ಕೆಗೆ ಸಮಯವೇ ಇಲ್ಲದಾಗ

ಕಣ್ಣೆದುರು ಮಿಂಚು, ಒಮ್ಮೆಲೇ ಹೆಚ್ಚಿದ ಕಪ್ಪು ಚುಕ್ಕೆಗಳು, ಪರದೆ ಇಳಿದಂತೆ ಕತ್ತಲು, ದಿಢೀರನೆ ಹೋದ ನೋಟ, ವಾಂತಿಯೊಡನೆ ಕೆಂಪಾಗಿ ಸಿಡಿಯುವ ಕಣ್ಣು: ಅದೇ ದಿನ ಆಸ್ಪತ್ರೆ. ಎಲೆಅಡಿಕೆಯ ಸುಣ್ಣ ಮಗುವಿನ ಕಣ್ಣಿಗೆ ಸಿಡಿದರೆ ಮೊದಲು ಅಲ್ಲೇ ಶುದ್ಧ ನೀರಿನಲ್ಲಿ ಅರ್ಧ ಗಂಟೆ ತೊಳೆಯಿರಿ, ರೆಪ್ಪೆಯಡಿಯ ತುಣುಕು ಹೋಗಲಿ, ನಂತರ ಹೊರಡಿ. ಭತ್ತದ ಹೊಟ್ಟು, ಕಬ್ಬಿನ ಗರಿ ತಾಗಿದ ಕಣ್ಣಿಗೆ ಔಷಧಿ ಅಂಗಡಿಯ ಸ್ಟಿರಾಯ್ಡ್ ಡ್ರಾಪ್ಸ್, ಹರಳೆಣ್ಣೆ, ಎದೆಹಾಲು ಯಾವುದೂ ಬೇಡ. ಶಿಲೀಂಧ್ರದ ಹುಣ್ಣಾದರೆ ಸ್ಟಿರಾಯ್ಡ್ ಅದಕ್ಕೆ ಗೊಬ್ಬರ ಹಾಕಿದಂತೆ.

ತಪಾಸಣೆಗೆ ಹೊರಡುವಾಗ ಹಳೆಯ ಕನ್ನಡಕ, ಹಳೆಯ ಚೀಟಿ, ಈಗ ತೆಗೆದುಕೊಳ್ಳುತ್ತಿರುವ ಮಾತ್ರೆಗಳ ಪಟ್ಟಿ ಇರಲಿ. ಪಾಪೆ ಹಿಗ್ಗಿಸುತ್ತಾರಾದ್ದರಿಂದ ಬೈಕ್ ಬಿಟ್ಟು ಬಸ್ಸಿನಲ್ಲಿ ಹೋಗಿ, ಒಬ್ಬರನ್ನು ಜತೆಗೆ ಕರೆದುಕೊಳ್ಳಿ. ವೈದ್ಯರ ಕೋಣೆಯಿಂದ ಏಳುವ ಮುಂಚೆ ಮೂರು ಪ್ರಶ್ನೆ ಕೇಳಿ: ನನ್ನ ಒತ್ತಡ ಎಷ್ಟಿದೆ, ನರ ಹೇಗಿದೆ, ಮತ್ತೆ ಯಾವಾಗ ಬರಬೇಕು? ಉತ್ತರವನ್ನು ಚೀಟಿಯ ಮೇಲೆ ಬರೆಸಿಕೊಳ್ಳಿ.